ಐರಿಷ್ ಕುಲನಾಮದ ಮೂಲ ಹುಡುಕುವ ಬಗೆ: ರಯಾನ್ ಹೆಸರಿನ ಜಾಡಿನಲ್ಲಿ ಒಂದು ಸಮಗ್ರ ಮಾರ್ಗದರ್ಶಿ

ಐರಿಷ್ ಕುಲನಾಮದ ಮೂಲ ಹುಡುಕಹೊರಟವರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ದಾರಿ ತಪ್ಪುತ್ತಾರೆ. ತಪ್ಪುವುದೂ ಒಂದೇ ತಿರುವಿನಲ್ಲಿ. ಹೆಸರನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಅದಕ್ಕೊಂದು ಅರ್ಥ, ಒಂದು ಪಾಳುಕೋಟೆ, ಒಬ್ಬ ಹಳೆಯ ದೊರೆ, ಬಣ್ಣದ ಲಾಂಛನ ಎಲ್ಲವೂ ಸಿಗುತ್ತವೆ. ಆ ದೊರೆಯಿಂದ ತಮ್ಮ ಮುತ್ತಜ್ಜನವರೆಗೆ ಗೆರೆ ಎಳೆಯಲು ಕೂರುತ್ತಾರೆ. ನಡುವೆ ಐನೂರು ವರ್ಷಗಳ ಖಾಲಿ ಜಾಗ. ಅದನ್ನು ಊಹೆಯಿಂದ ತುಂಬುತ್ತಾರೆ, ಇಲ್ಲವೇ ಬೇಸತ್ತು ಕೈಬಿಡುತ್ತಾರೆ.

ಐರ್ಲೆಂಡಿನಲ್ಲಿ ಒಂದೇ ಕುಲನಾಮ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಮನೆತನಗಳಿಗೆ ಇರುತ್ತದೆ. ಯಾವುದು ನಿಮ್ಮದು ಎಂದು ಹೆಸರು ಹೇಳುವುದಿಲ್ಲ, ಊರು ಹೇಳುತ್ತದೆ. ಆದ್ದರಿಂದ ಈ ಬರಹದ ಹಂತಗಳೆಲ್ಲ ಊರನ್ನು ಪತ್ತೆ ಮಾಡುವುದಕ್ಕಾಗಿಯೇ ಇವೆ. ಉದಾಹರಣೆಗೆ ರಯಾನ್ ಎಂಬ ಹೆಸರನ್ನು ತೆಗೆದುಕೊಂಡಿದ್ದೇನೆ. 1890ರ ಜನನ ನೋಂದಣಿಯ ಆಧಾರದ ಮೇಲೆ ಸರ್ಕಾರ ಮಾಡಿಸಿದ ಎಣಿಕೆಯಲ್ಲಿ ಅದು ಐರ್ಲೆಂಡಿನ ಎಂಟನೆಯ ದೊಡ್ಡ ಕುಲನಾಮವಾಗಿತ್ತು. ಅಷ್ಟು ದೊಡ್ಡ ಹೆಸರಿನಲ್ಲಿ ಒಬ್ಬನನ್ನು ಹುಡುಕಲು ಕಲಿತರೆ ಉಳಿದವು ಸುಲಭ.

ಕೈಯಲ್ಲಿ ಇರಬೇಕಾದವು

ಒಂದು ದಪ್ಪ ನೋಟ್‌ಬುಕ್, ಐರ್ಲೆಂಡಿನ ಕೌಂಟಿಗಳ (ನಮ್ಮ ಜಿಲ್ಲೆಗಳಂಥ ವಿಭಾಗಗಳ) ನಕ್ಷೆ, ಇಂಟರ್ನೆಟ್ ಇಷ್ಟಿದ್ದರೆ ಆರಂಭಿಸಬಹುದು. ಮುಖ್ಯ ದಾಖಲೆಗಳು ಉಚಿತವಾಗಿಯೇ ಸಿಗುವುದರಿಂದ ಮೊದಲ ದಿನವೇ ಹಣ ಕಟ್ಟಿ ಯಾವ ತಾಣಕ್ಕೂ ಸದಸ್ಯರಾಗಬೇಡಿ. ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿ ಮೂರು ಅಂಕಣ ಹಾಕಿ: ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಎಲ್ಲಿ ಹುಡುಕಿದರೂ ಸಿಗಲಿಲ್ಲ. ಮೂರನೆಯ ಅಂಕಣವನ್ನು ಬಿಟ್ಟವರು ಅದೇ ರಿಜಿಸ್ಟರನ್ನು ಆರು ತಿಂಗಳ ನಂತರ ಮತ್ತೆ ತಿರುವಿಹಾಕುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಹಂತ 1: ನಿಮ್ಮ ಮನೆಯಿಂದ ಹಿಂದಕ್ಕೆ ನಡೆಯಿರಿ

ತಿಳಿದವರಿಂದ ತಿಳಿಯದವರ ಕಡೆಗೆ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ತಂದೆಯ ಜನನ ಪ್ರಮಾಣಪತ್ರ, ಅಜ್ಜನ ಮದುವೆಯ ದಾಖಲೆ, ಮುತ್ತಜ್ಜಿಯ ಸಮಾಧಿ ಕಲ್ಲು, ಪ್ರಾರ್ಥನಾ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟ ಹೆಸರುಗಳು ಇವೇ ಮೊದಲ ಮೆಟ್ಟಿಲು. ಐರ್ಲೆಂಡ್ ಬಿಟ್ಟು ಬಂದ ವ್ಯಕ್ತಿ ಸಿಗುವವರೆಗೆ ಐರಿಷ್ ದಾಖಲೆಗಳಿಗೆ ಕೈ ಹಾಕಬೇಡಿ. ಆತನ ಬಗ್ಗೆ ನಾಲ್ಕು ಸಂಗತಿ ಬೇಕು: ಪೂರ್ತಿ ಹೆಸರು, ಅಂದಾಜು ಹುಟ್ಟಿದ ವರ್ಷ, ಯಾವ ಪಂಗಡದ ಚರ್ಚು, ತಂದೆ ಅಥವಾ ಹೆಂಡತಿಯ ಹೆಸರು. ಐದನೆಯದಾಗಿ ಊರೂ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಬೆಂಗಳೂರಿನ ದಂಡುಪ್ರದೇಶ ಮತ್ತು ಕೆಜಿಎಫ್ ಮೂಲದ ಆಂಗ್ಲೋ ಇಂಡಿಯನ್ ಮನೆತನಗಳವರಿಗೆ ಇಲ್ಲಿ ಎರಡು ಮಾತು ಹೆಚ್ಚಾಗಿ ಹೇಳಬೇಕು. ಬೆಂಗಳೂರಿನ ದಂಡು ಮದ್ರಾಸ್ ಪ್ರೆಸಿಡೆನ್ಸಿಯ ಸೇನೆಗೆ ಸೇರಿತ್ತು. ಪ್ರೆಸಿಡೆನ್ಸಿಯ ಚರ್ಚುಗಳಲ್ಲಿ ನಡೆದ ಜ್ಞಾನಸ್ನಾನ, ಮದುವೆ, ಸಮಾಧಿಗಳ ಪಟ್ಟಿಯ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸಾಲಿನಲ್ಲಿವೆ. ಕ್ಯಾಥೊಲಿಕರ ದಾಖಲೆಗಳು ಅಲ್ಲಿ ಅಷ್ಟಾಗಿ ಇಲ್ಲ. ಐರಿಷ್ ಸೈನಿಕರಲ್ಲಿ ಬಹಳಷ್ಟು ಜನ ಕ್ಯಾಥೊಲಿಕರೇ ಆಗಿದ್ದರಿಂದ ಸೇಂಟ್ ಪ್ಯಾಟ್ರಿಕ್‌ನಂಥ ಹಳೆಯ ಚರ್ಚುಗಳ ರಿಜಿಸ್ಟರನ್ನೂ ಹೊಸೂರು ರಸ್ತೆಯ ಸಮಾಧಿಗಳನ್ನೂ ಖುದ್ದಾಗಿ ನೋಡಬೇಕಾಗುತ್ತದೆ. ಪೂರ್ವಜ ಬ್ರಿಟಿಷ್ ಸೈನ್ಯದಿಂದ ಪಿಂಚಣಿ ಪಡೆದು ನಿವೃತ್ತನಾಗಿದ್ದರೆ ಲಂಡನ್ ಬಳಿಯ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಬಿಡುಗಡೆ ಪತ್ರಗಳಲ್ಲಿ ಹುಡುಕಿ. ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಮತ್ತು ಕೌಂಟಿಯನ್ನು ಅವುಗಳಲ್ಲಿ ಬರೆಯುತ್ತಿದ್ದರು. ರೆಜಿಮೆಂಟಿನ ಹೆಸರು ಬದಲಾಗಿದ್ದರೆ ಗಾಬರಿ ಬೇಡ. ಮದ್ರಾಸ್ ಫ್ಯೂಸಿಲಿಯರ್ಸ್ ಎಂಬ ಕಂಪನಿ ಸರ್ಕಾರದ ದಳವೇ 1881ರಲ್ಲಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್‌ನ ಭಾಗವಾಯಿತು.

ಹಂತ 2: ಕಾಗುಣಿತಗಳ ಪಟ್ಟಿ ಮಾಡಿ

ನಿಮ್ಮ ಮನೆಯಲ್ಲಿ ಬರೆಯುವ ಕಾಗುಣಿತವೇ ಮೂಲ ಎಂದು ನಂಬಿದರೆ ಇಲ್ಲಿಗೇ ನಿಂತಿರಿ. ಐರ್ಲೆಂಡಿನ ಮೂಲ ಭಾಷೆಯಾದ ಗೇಲಿಕ್‌ನ ಹೆಸರುಗಳನ್ನು ಇಂಗ್ಲಿಷ್ ಬಲ್ಲ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದುಕೊಂಡರು. ಮನೆಯ ಯಜಮಾನನಿಗೆ ಓದು ಬರಹ ಬಾರದಿದ್ದರೆ ತಿದ್ದುವವರೂ ಇರಲಿಲ್ಲ.

ರಯಾನ್‌ಗೆ ಓ'ರಯಾನ್, ಮಲ್‌ರಯಾನ್, ಓ'ಮಲ್‌ರಯಾನ್, ರಿಯನ್ ಎಂಬ ರೂಪಗಳನ್ನೆಲ್ಲ ಪಟ್ಟಿಗೆ ಹಾಕಬೇಕು. ಹೆಸರಿನ ಮುಂದಿನ ‘ಓ’ ಎಂದರೆ ಮೊಮ್ಮಗ ಅಥವಾ ವಂಶಜ, ‘ಮ್ಯಾಕ್’ ಎಂದರೆ ಮಗ. ಇಂಗ್ಲಿಷ್ ಆಳ್ವಿಕೆ ಬಿಗಿಯಾದ 17 ಮತ್ತು 18ನೆಯ ಶತಮಾನಗಳಲ್ಲಿ ಬಹಳ ಮನೆಗಳು ಈ ಪೂರ್ವಪದಗಳನ್ನು ಬಿಟ್ಟವು. 19ನೆಯ ಶತಮಾನದ ಕೊನೆಯಲ್ಲಿ ಗೇಲಿಕ್ ಭಾಷೆಯ ಅಭಿಮಾನ ಮತ್ತೆ ಎದ್ದಾಗ ಕೆಲವರು ಹಾಕಿಕೊಂಡರು, ಕೆಲವರು ಹಾಕಿಕೊಳ್ಳಲಿಲ್ಲ. ಅಣ್ಣ ಸಲಿವನ್, ತಮ್ಮ ಓ'ಸಲಿವನ್ ಆಗಿರಬಹುದು. ಆದ್ದರಿಂದ ಪ್ರತಿ ಹುಡುಕಾಟವನ್ನೂ ‘ಓ’ ಸಹಿತ ಒಮ್ಮೆ, ರಹಿತ ಒಮ್ಮೆ ಮಾಡಿ. ‘ಮ್ಯಾಕ್’ ಎಂದು ಪೂರ್ತಿ ಬರೆದರೆ ಸ್ಕಾಟಿಷ್, ಎಂಸಿ ಎಂದು ಚಿಕ್ಕದಾಗಿ ಬರೆದರೆ ಐರಿಷ್ ಎಂಬ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ. ಎರಡೂ ಒಂದೇ ಪದ.

ಹಂತ 3: ಗೇಲಿಕ್ ರೂಪಗಳನ್ನು ಬರೆದಿಡಿ, ತೀರ್ಮಾನಿಸಬೇಡಿ

ರಯಾನ್ ಹೆಸರಿನ ಹಿಂದೆ ಎರಡು ಬೇರೆ ಬೇರೆ ಗೇಲಿಕ್ ಹೆಸರುಗಳಿವೆ. ಒಂದು ಓ ಮೀಲ್‌ರಿಯನ್. ಇದು ಟಿಪ್ಪರೇರಿ ಮತ್ತು ಲಿಮರಿಕ್ ಕೌಂಟಿಗಳ ಗಡಿಯಲ್ಲಿರುವ ಓನಿ ಸೀಮೆಯ ಮನೆತನ. ಇನ್ನೊಂದು ಓ ರಿಯನ್, ಕಾರ್ಲೋ ಕೌಂಟಿಯ ಐಡ್ರೋನ್ ಸೀಮೆಯದು. ಇವೆರಡಕ್ಕೂ ಸಂಬಂಧವಿಲ್ಲ, ಇಂಗ್ಲಿಷ್ ಬರಹ ಮಾತ್ರ ಒಂದು. ನಿಮ್ಮ ಪೂರ್ವಜ ಟಿಪ್ಪರೇರಿಯವನೋ ಕಾರ್ಲೋದವನೋ ಎಂದು ತಿಳಿಯದೆ ‘ರಯಾನ್ ಎಂದರೆ ಇಂಥ ಅರ್ಥ’ ಎಂದು ಬರೆದಿಟ್ಟರೆ ಬೇರೆ ಯಾರದೋ ಮನೆಯ ಇತಿಹಾಸ ಬರೆದ ಹಾಗಾಯಿತು.

ಅನುವಾದಗೊಂಡ ಹೆಸರುಗಳಲ್ಲಿ ಇನ್ನೂ ಎಚ್ಚರ ಬೇಕು. ಕ್ಯಾವನ್ ಕೌಂಟಿಯ ಸ್ಮಿತ್‌ಗಳಲ್ಲಿ ಬಹಳ ಮಂದಿ ಮೂಲದಲ್ಲಿ ಮ್ಯಾಕ್ ಗವನ್‌ಗಳು, ಅಂದರೆ ಕಮ್ಮಾರನ ಮಕ್ಕಳು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಸ್ಮಿತ್ ಎಂದರು. ಗಾಲ್ವೆಯ ಕೆಲವು ಕಿಂಗ್‌ಗಳು ಮ್ಯಾಕ್ ಕಾನ್‌ರೀ ಮನೆತನದವರು. ಕೊನೆಯ ‘ರೀ’ ಎಂಬುದು ಗೇಲಿಕ್‌ನಲ್ಲಿ ರಾಜ ಎಂಬ ಪದದಂತೆ ಕೇಳಿದ್ದೇ ಈ ಅನುವಾದಕ್ಕೆ ಸಾಕಾಯಿತು. ಫಿಟ್ಸ್ ಎಂದು ಆರಂಭವಾದರೆ ನಾರ್ಮನ್ ಮೂಲ ಎನ್ನುವುದು ವಾಡಿಕೆ, ಆದರೆ ಫಿಟ್ಸ್‌ಪ್ಯಾಟ್ರಿಕ್ ಅಚ್ಚ ಗೇಲಿಕ್ ಮನೆತನ. ಕೋಲಾರದ ಚಿನ್ನದ ಗಣಿಗೆ 1870ರ ದಶಕದಲ್ಲಿ ಪರವಾನಗಿ ಪಡೆದ ಮೈಕೆಲ್ ಲ್ಯಾವೆಲ್ ಐರಿಷ್‌ನವರು, ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಗೆ ಅವರದೇ ಹೆಸರು. ಕೇಳಿದವರು ಫ್ರೆಂಚ್ ಎಂದುಕೊಳ್ಳುವ ಈ ಕುಲನಾಮ ಐರ್ಲೆಂಡಿನಲ್ಲಿ ಮೇಯೋ ಕೌಂಟಿಯ ಗೇಲಿಕ್ ಹೆಸರು.

ಈ ರೂಪಗಳಿಗೆ ಎಡ್ವರ್ಡ್ ಮ್ಯಾಕ್‌ಲೈಸಾಟ್ ಅವರ ಕುಲನಾಮ ನಿಘಂಟು ಇಂದಿಗೂ ಒಳ್ಳೆಯ ಆಧಾರ. ಅದನ್ನು ನೋಡಿ, ನಿಮ್ಮ ಹೆಸರಿಗೆ ಸಾಧ್ಯವಿರುವ ಎಲ್ಲ ಗೇಲಿಕ್ ಮೂಲಗಳನ್ನೂ ಅವುಗಳ ಕೌಂಟಿಗಳೊಂದಿಗೆ ಬರೆದಿಡಿ. ಒಂದನ್ನೂ ಈಗಲೇ ಹೊಡೆದುಹಾಕಬೇಡಿ.

ಹಂತ 4: ಜನಗಣತಿ ಮತ್ತು ನೋಂದಣಿ

ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ 1901 ಮತ್ತು 1911ರ ಜನಗಣತಿ ಪೂರ್ತಿಯಾಗಿ, ಉಚಿತವಾಗಿ ಇದೆ. ಮೊದಲು 1911, ಆಮೇಲೆ 1901 ನೋಡಿ. ನಿಮ್ಮವರು ಅದಕ್ಕೂ ಮೊದಲೇ ದೇಶ ಬಿಟ್ಟಿದ್ದರೂ ಅಲ್ಲಿ ಉಳಿದ ತಮ್ಮ, ಚಿಕ್ಕಪ್ಪನ ಮನೆ ಸಿಗಬಹುದು. 19ನೆಯ ಶತಮಾನದ ಗಣತಿಗಳನ್ನು ಹುಡುಕಿ ಹೊತ್ತು ಕಳೆಯಬೇಡಿ. 1821ರಿಂದ 1851ರವರೆಗಿನವು 1922ರ ಜೂನ್ 30ರಂದು ಡಬ್ಲಿನ್ನಿನ ಪತ್ರಾಗಾರ ಸ್ಫೋಟಗೊಂಡು ಸುಟ್ಟಾಗ ಬಹುಪಾಲು ನಾಶವಾದವು. 1861 ಮತ್ತು 1871ರವನ್ನು ಸರ್ಕಾರವೇ ನಾಶ ಮಾಡಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು.

ಗಣತಿಯಲ್ಲಿ ವಯಸ್ಸನ್ನು ನಂಬಿ ಕೆಟ್ಟವರು ಬಹಳ. 1901ರಲ್ಲಿ 55 ವರ್ಷದ ಮನುಷ್ಯ 1911ರಲ್ಲಿ 71 ಆಗಿರುವುದನ್ನು ನೋಡಿ ‘ಇವನು ಬೇರೆಯವನು’ ಎಂದು ಬಿಟ್ಟುಬಿಡುತ್ತಾರೆ. 1909ರ ಜನವರಿಯಿಂದ ಎಪ್ಪತ್ತು ತುಂಬಿದವರಿಗೆ ವೃದ್ಧಾಪ್ಯ ವೇತನ ಬರಲಾರಂಭಿಸಿತು. ಹುಟ್ಟಿದ ದಾಖಲೆ ಇಲ್ಲದ ಆ ತಲೆಮಾರಿನ ಅನೇಕರ ವಯಸ್ಸು ಹತ್ತು ವರ್ಷಗಳಲ್ಲಿ ಹದಿನೈದು, ಹದಿನಾರು ಏರಿದ್ದು ಹೀಗೆ. ಹೆಂಡತಿ ಮಕ್ಕಳ ಹೆಸರು, ಟೌನ್‌ಲ್ಯಾಂಡ್ (ಹೆಸರಿರುವ ಚಿಕ್ಕ ತುಂಡು ನೆಲ, ವಿವರ ಮುಂದಿನ ಹಂತದಲ್ಲಿ) ಎರಡೂ ಹೊಂದಿದರೆ ವಯಸ್ಸಿನ ವ್ಯತ್ಯಾಸವನ್ನು ಬದಿಗಿಡಿ. 1911ರ ನಮೂನೆಯಲ್ಲಿ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಮೂರು ಅಂಕಣಗಳಿವೆ. ಮದುವೆಯ ವರ್ಷವನ್ನು ಅಲ್ಲಿಂದ ಲೆಕ್ಕ ಹಾಕಿಕೊಳ್ಳಿ. ಹುಟ್ಟಿದ ಸ್ಥಳದ ಅಂಕಣದಲ್ಲಿ ಸಾಮಾನ್ಯವಾಗಿ ಕೌಂಟಿ ಮಾತ್ರ ಇರುತ್ತದೆ, ಊರು ಇರುವುದಿಲ್ಲ. ನಮೂನೆಯನ್ನು ಗೇಲಿಕ್‌ನಲ್ಲಿ ತುಂಬಿದ ಮನೆಗಳು ಗೇಲಿಕ್ ಹೆಸರಿನಲ್ಲೇ ಪಟ್ಟಿಯಾಗಿವೆ. ಅಂಥ ಕಡೆ ಗಂಡ ‘ಓ ರಿಯನ್’, ಹೆಂಡತಿ ‘ಈ ರಿಯನ್’, ಮದುವೆಯಾಗದ ಮಗಳು ‘ನೀ ರಿಯನ್’ ಆಗಿರುತ್ತಾರೆ.

ಅಲ್ಲಿಂದ ಹಿಂದಕ್ಕೆ ಹೋಗಲು ಸರ್ಕಾರಿ ನೋಂದಣಿ. ಎಲ್ಲರ ಜನನ, ಮದುವೆ, ಮರಣಗಳ ನೋಂದಣಿ 1864ರಲ್ಲಿ ಆರಂಭವಾಯಿತು. ಕ್ಯಾಥೊಲಿಕರಲ್ಲದವರ ಮದುವೆಗಳು ಮಾತ್ರ 1845ರಿಂದಲೇ ಇವೆ. ಐರಿಷ್‌ಜೀನಿಯಾಲಜಿ ಡಾಟ್ ಐಇ ಎಂಬ ಸರ್ಕಾರಿ ತಾಣದಲ್ಲಿ ನೂರು ವರ್ಷ ಮೀರಿದ ಜನನ, 75 ಮೀರಿದ ಮದುವೆ, 50 ಮೀರಿದ ಮರಣಗಳ ಮೂಲ ಪುಟದ ಚಿತ್ರವನ್ನೇ ನೋಡಬಹುದು. ಸೂಚಿಯಲ್ಲಿ ಸಿಕ್ಕ ಸಾಲನ್ನಷ್ಟೇ ಬರೆದುಕೊಂಡು ಮುಂದೆ ಹೋಗುವುದು ದೊಡ್ಡ ತಪ್ಪು. ಚಿತ್ರ ತೆರೆದರೆ ತಾಯಿಯ ತವರಿನ ಕುಲನಾಮ, ಟೌನ್‌ಲ್ಯಾಂಡ್, ತಂದೆಯ ಕಸುಬು ಎಲ್ಲ ಸಿಗುತ್ತವೆ. ತಡವಾಗಿ ನೋಂದಾಯಿಸಿದರೆ ದಂಡ ಕಟ್ಟಬೇಕಿದ್ದುದರಿಂದ ಹುಟ್ಟಿದ ದಿನವನ್ನು ಕೆಲವರು ಮುಂದಕ್ಕೆ ತಳ್ಳಿ ಹೇಳಿದ್ದಾರೆ. ಹುಟ್ಟುವ ಮೊದಲೇ ಮಗುವಿಗೆ ಜ್ಞಾನಸ್ನಾನವಾದಂತೆ ದಾಖಲೆ ಸಿಕ್ಕರೆ ಕಾರಣ ಇದು, ಚರ್ಚಿನ ದಿನಾಂಕವನ್ನು ಇಟ್ಟುಕೊಳ್ಳಿ.

ಹಂತ 5: ಟೌನ್‌ಲ್ಯಾಂಡ್ ಹಿಡಿಯಿರಿ

ಕೌಂಟಿ, ಸೀಮೆ, ಪ್ಯಾರಿಷ್, ಟೌನ್‌ಲ್ಯಾಂಡ್. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮ ಇದು. ಟೌನ್‌ಲ್ಯಾಂಡ್ ಎಂದರೆ ಪಟ್ಟಣವಲ್ಲ. ಕೆಲವು ಮನೆ, ಹೊಲಗಳ ಒಂದು ತುಂಡು ನೆಲ, ಅದಕ್ಕೊಂದು ಹೆಸರು. ಇಡೀ ದ್ವೀಪದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಇವೆ, ಒಂದೇ ಹೆಸರಿನವು ಹತ್ತಾರು. ಲೋಗನಿಮ್ ಎಂಬ ಸ್ಥಳನಾಮ ತಾಣದಲ್ಲಿ ಹೆಸರು ಹಾಕಿ, ಯಾವ ಕೌಂಟಿಯ ಯಾವ ಪ್ಯಾರಿಷ್ ಎಂದು ಖಚಿತ ಮಾಡಿಕೊಳ್ಳಿ. ನೋಂದಣಿ ಜಿಲ್ಲೆಗಳ ಗಡಿ ಕೌಂಟಿಯ ಗಡಿಯನ್ನು ದಾಟುತ್ತದೆ ಎಂಬುದು ನೆನಪಿರಲಿ. ಲಿಮರಿಕ್ ಜಿಲ್ಲೆಯಲ್ಲಿ ನೋಂದಣಿಯಾದ ಮಗು ಪಕ್ಕದ ಕೌಂಟಿಯಲ್ಲಿ ಹುಟ್ಟಿರಬಹುದು. ಪ್ಯಾರಿಷ್‌ಗಳಲ್ಲೂ ಎರಡು ಬಗೆ: ಕಂದಾಯದ ಲೆಕ್ಕಕ್ಕೆ ಸಿವಿಲ್ ಪ್ಯಾರಿಷ್, ಕ್ಯಾಥೊಲಿಕ್ ಚರ್ಚಿನದು ಇನ್ನೊಂದು. ಎರಡರ ಹೆಸರೂ ಗಡಿಯೂ ಬೇರೆ ಇರಬಹುದು. ಎರಡನ್ನೂ ಬರೆದಿಡಿ, ಮುಂದಿನ ಹಂತಗಳಲ್ಲಿ ಎರಡೂ ಬೇಕು.

ಹಂತ 6: ಚರ್ಚಿನ ರಿಜಿಸ್ಟರ್

ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರುಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಉಚಿತವಾಗಿ ತೆರೆದಿಟ್ಟಿದೆ. ಹೆಚ್ಚಿನವು 1880ರ ಸುಮಾರಿಗೆ ಮುಗಿಯುತ್ತವೆ. ಆರಂಭ ಮಾತ್ರ ಒಂದೊಂದು ಪ್ಯಾರಿಷ್‌ನಲ್ಲಿ ಒಂದೊಂದು ಕಾಲಕ್ಕೆ, ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ ಬಹಳ ತಡವಾಗಿ. ಆ ತಾಣದಲ್ಲಿ ಹೆಸರು ಹಾಕಿ ಹುಡುಕುವ ಸೌಲಭ್ಯವಿಲ್ಲ, ಪುಟ ತಿರುವಿಯೇ ಓದಬೇಕು. ಹೆಸರಿನ ಸೂಚಿಗಳು ಬೇರೆ ತಾಣಗಳಲ್ಲಿವೆ, ಆದರೆ ಮಸಿ ಹರಡಿದ ಕಡೆ ತಪ್ಪಾಗಿ ಓದಿರುವುದು ಸಾಮಾನ್ಯ. ಐದು ವರ್ಷಗಳ ಪುಟಗಳನ್ನು ಒಂದೇ ಸಮನೆ ಕೂತು ಓದಿ. ಪಾದ್ರಿಯ ಕೈಬರಹ ಕಣ್ಣಿಗೆ ಒಗ್ಗಿದ ಮೇಲೆ ಮೊದಲು ಕಾಣದ ಹೆಸರುಗಳು ಕಾಣತೊಡಗುತ್ತವೆ.

ಬಹಳಷ್ಟು ರಿಜಿಸ್ಟರುಗಳು ಲ್ಯಾಟಿನ್‌ನಲ್ಲಿವೆ. ಜೇಮ್ಸ್ ಅಲ್ಲಿ ಜಾಕೋಬಸ್, ವಿಲಿಯಂ ಗುಲಿಯೆಲ್ಮಸ್, ಚಾರ್ಲ್ಸ್ ಕ್ಯಾರೋಲಸ್, ನೋರಾ ಹೊನೋರಿಯಾ. ಟೈಗ್ ಎಂಬ ಗೇಲಿಕ್ ಹೆಸರಿನವನು ಒಂದು ಕಡೆ ಥ್ಯಾಡಿಯಸ್, ಇನ್ನೊಂದು ಕಡೆ ತಿಮೋತಿ ಆಗುತ್ತಾನೆ. ಇವರನ್ನು ಬೇರೆ ಬೇರೆ ಮನುಷ್ಯರೆಂದು ಎಣಿಸಿ ವಂಶವೃಕ್ಷದಲ್ಲಿ ಇಲ್ಲದ ಅಣ್ಣತಮ್ಮಂದಿರನ್ನು ಸೇರಿಸಿದವರಿದ್ದಾರೆ.

ಜ್ಞಾನಪಿತ ಮತ್ತು ಜ್ಞಾನಮಾತೆಯ ಹೆಸರನ್ನು ತಪ್ಪದೆ ಬರೆದುಕೊಳ್ಳಿ. ಅವರು ಬಹುತೇಕ ಹತ್ತಿರದ ನೆಂಟರು. ಮಕ್ಕಳಿಗೆ ಹೆಸರಿಡುವ ಪದ್ಧತಿಯೂ ದಾರಿ ತೋರಿಸುತ್ತದೆ: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು. ಇದು ಕಟ್ಟುನಿಟ್ಟಿನ ನಿಯಮವಲ್ಲ, ಸುಳಿವು ಮಾತ್ರ. ಪೂರ್ವಜರು ಪ್ರೊಟೆಸ್ಟಂಟ್ ಪಂಗಡವಾದ ಚರ್ಚ್ ಆಫ್ ಐರ್ಲೆಂಡಿಗೆ ಸೇರಿದ್ದರೆ ಅದರ ಬಹಳಷ್ಟು ರಿಜಿಸ್ಟರುಗಳು 1922ರ ಬೆಂಕಿಯಲ್ಲಿ ಹೋಗಿವೆ. ನಿಮ್ಮ ಪ್ಯಾರಿಷ್‌ನದು ಉಳಿದಿದೆಯೇ ಎಂದು ಮೊದಲು ತಿಳಿದುಕೊಂಡು ಆಮೇಲೆ ಹುಡುಕಿ.

ಹಂತ 7: ಭೂಮಿಯ ದಾಖಲೆಗಳು

ಗಣತಿಗಳು ನಾಶವಾದ ಮೇಲೆ ಆ ಶತಮಾನಕ್ಕೆ ಉಳಿದಿರುವ ದೊಡ್ಡ ಆಧಾರ ಗ್ರಿಫಿತ್ ಮೌಲ್ಯಮಾಪನ, ಅಂದರೆ ತೆರಿಗೆಗಾಗಿ ಮಾಡಿದ ಆಸ್ತಿಗಳ ಪಟ್ಟಿ. 1847ರಿಂದ 1864ರವರೆಗೆ ಪ್ರಕಟವಾದ ಇದರಲ್ಲಿ ಮನೆ, ಹೊಲ ಹಿಡಿದಿದ್ದ ಪ್ರತಿಯೊಬ್ಬನ ಹೆಸರೂ ಟೌನ್‌ಲ್ಯಾಂಡ್ ಪ್ರಕಾರ ಇದೆ. ನಮ್ಮ ಪಹಣಿ ನೋಡಿ ಅಭ್ಯಾಸವಿದ್ದವರಿಗೆ ಇದರ ಸಾಲು ಬೇಗ ಅರ್ಥವಾಗುತ್ತದೆ: ನಕ್ಷೆಯ ಸಂಖ್ಯೆ, ಹಿಡುವಳಿದಾರ, ಅವನಿಗೆ ಗೇಣಿಗೆ ಕೊಟ್ಟವನು, ಆಸ್ತಿಯ ವಿವರ, ವಿಸ್ತೀರ್ಣ, ಮೌಲ್ಯ. ಆಸ್ತಿಯ ವಿವರದಲ್ಲಿ ‘ಆಫೀಸಸ್’ ಎಂದು ಕಂಡರೆ ಕಚೇರಿ ಎಂದು ತಿಳಿಯಬೇಡಿ. ಕೊಟ್ಟಿಗೆ, ಹಂದಿಗೂಡು, ಕಣಜದಂಥ ಹೊರಮನೆಗಳನ್ನು ಹಾಗೆ ಬರೆಯುತ್ತಿದ್ದರು. ಮುತ್ತಜ್ಜನಿಗೆ ಕಚೇರಿಗಳಿದ್ದವು, ಮನೆತನ ಶ್ರೀಮಂತವಾಗಿತ್ತು ಎಂದು ಇದನ್ನು ನೋಡಿಯೇ ಬರೆದವರಿದ್ದಾರೆ. ಗೇಣಿಗೆ ಕೊಟ್ಟವನೇ ಜಮೀನಿನ ಒಡೆಯ ಎಂದೂ ಹೇಳಲಾಗದು, ಅವನೂ ಇನ್ನೊಬ್ಬರ ಗೇಣಿದಾರನಾಗಿರಬಹುದು.

ಇಲ್ಲಿ ರಯಾನ್‌ಗಳ ಪುಟವನ್ನು ಹತ್ತಿರದಿಂದ ನೋಡಬೇಕು. ಟಿಪ್ಪರೇರಿಯ ಕೆಲವು ಟೌನ್‌ಲ್ಯಾಂಡ್‌ಗಳಲ್ಲಿ ಮೂರು ಜಾನ್ ರಯಾನ್, ಎರಡು ಪ್ಯಾಟ್ರಿಕ್ ರಯಾನ್ ಒಟ್ಟಿಗೆ ಇರುತ್ತಿದ್ದರು. ಗುರುತಿಗಾಗಿ ಹೆಸರಿನ ಪಕ್ಕದಲ್ಲಿ ಆವರಣ ಹಾಕಿ ಇನ್ನೊಂದು ಪದ ಬರೆಯುತ್ತಿದ್ದರು. ‘ಜಾನ್ ರಯಾನ್ (ಪ್ಯಾಟ್)’ ಎಂದರೆ ಪ್ಯಾಟ್‌ನ ಮಗ ಜಾನ್. ‘ರಯಾನ್ (ಬಾನ್)’ ಎಂದರೆ ಬಿಳಿಯ ರಯಾನ್, ‘ರಯಾನ್ (ರೋ)’ ಎಂದರೆ ಕೆಂಗೂದಲಿನವನು. ಆ ಅಡ್ಡಹೆಸರು ಒಬ್ಬನದಾಗಿ ಮುಗಿಯದೆ ಇಡೀ ಕವಲಿಗೆ ಅಂಟಿಕೊಂಡು ತಲೆಮಾರುಗಟ್ಟಲೆ ನಡೆಯುತ್ತದೆ. ನಾನು ಒಂದು ಕುಟುಂಬದ ಜಾಡಿನಲ್ಲಿ ಎರಡು ತಿಂಗಳು ತಪ್ಪು ಜಾನ್‌ನ ಬೆನ್ನುಹತ್ತಿ, ಕೊನೆಗೆ ಈ ಆವರಣದ ಪದದಿಂದಲೇ ಸರಿಯಾದ ಮನೆಗೆ ತಲುಪಿದೆ. ಸೂಚಿಗಳನ್ನು ನಕಲು ಮಾಡುವವರು ಈ ಪದವನ್ನು ಹಲವು ಸಲ ಬಿಟ್ಟುಬಿಡುತ್ತಾರೆ. ಆದ್ದರಿಂದ ಮೂಲ ಪುಟವನ್ನೇ ತೆರೆಯಿರಿ. ಮನೆಯಲ್ಲಿ ಹಿರಿಯರು ಹೇಳುತ್ತಿದ್ದ ಇಂಥ ಅರ್ಥವಾಗದ ಒಂದು ಪದ ಇದ್ದರೆ ಅದನ್ನು ಮೊದಲ ಹಂತದಲ್ಲೇ ಬರೆದಿಟ್ಟಿರಬೇಕು.

ಗ್ರಿಫಿತ್‌ನ ನಂತರ ಹಿಡುವಳಿ ಕೈಬದಲಾದಾಗಲೆಲ್ಲ ಪುಸ್ತಕದಲ್ಲಿ ಹಳೆಯ ಹೆಸರು ಹೊಡೆದು ಬಣ್ಣದ ಮಸಿಯಲ್ಲಿ ಹೊಸದನ್ನು ಬರೆದು ವರ್ಷ ಹಾಕುತ್ತಿದ್ದರು. ಈ ತಿದ್ದುಪಡಿ ಪುಸ್ತಕಗಳಿಂದ ತಂದೆ ಸತ್ತ ಅಥವಾ ಮನೆ ಬಿಟ್ಟುಹೋದ ಕಾಲ ಅಂದಾಜಾಗುತ್ತದೆ. ಉತ್ತರ ಐರ್ಲೆಂಡಿನ ಆರು ಕೌಂಟಿಗಳವನ್ನು ಬೆಲ್‌ಫಾಸ್ಟ್‌ನ ಸರ್ಕಾರಿ ಪತ್ರಾಗಾರದ ತಾಣದಲ್ಲಿ ನೋಡಬಹುದು. ಗ್ರಿಫಿತ್‌ಗೂ ಹಿಂದಕ್ಕೆ 1823ರಿಂದ 1837ರವರೆಗಿನ ಟೈದ್ ಪುಸ್ತಕಗಳಿವೆ. ಚರ್ಚ್ ಆಫ್ ಐರ್ಲೆಂಡಿಗೆ ಕೊಡಬೇಕಿದ್ದ ತೆರಿಗೆಯ ಪಟ್ಟಿ ಅದು. ಕೃಷಿಭೂಮಿ ಇದ್ದವರು ಮಾತ್ರ ಅದರಲ್ಲಿದ್ದಾರೆ, ಕೂಲಿಗಳೂ ಪಟ್ಟಣದವರೂ ಇಲ್ಲ. ವಿಸ್ತೀರ್ಣ ಹಲವು ಕಡೆ ಐರಿಷ್ ಎಕರೆಯಲ್ಲಿರುತ್ತದೆ. ಅದು ಸಾಮಾನ್ಯ ಎಕರೆಯ 1.62 ಪಟ್ಟು, ಹೊಲ ಚಿಕ್ಕದಾಯಿತಲ್ಲ ಎಂದು ಗೊಂದಲ ಬೇಡ.

ಹಂತ 8: 1800ಕ್ಕೂ ಹಿಂದೆ

ಸಾಮಾನ್ಯ ಗೇಣಿದಾರ ಕುಟುಂಬದ ತಲೆಮಾರಿನ ಸರಪಳಿ ಇಲ್ಲಿ ತುಂಡಾಗುತ್ತದೆ. ಅದನ್ನು ಒಪ್ಪಿಕೊಳ್ಳಬೇಕು. ಇಲ್ಲಿಂದ ಹಿಂದಕ್ಕೆ ವ್ಯಕ್ತಿಯನ್ನು ಬಿಟ್ಟು, ನಿಮ್ಮ ಸೀಮೆಯಲ್ಲಿ ಆ ಕುಲನಾಮ ಯಾವಾಗಿನಿಂದ ಇದೆ ಎಂದು ನೋಡುತ್ತೀರಿ. 1659ರ ಗಣತಿ ಎಂದು ಕರೆಯುವ ಪಟ್ಟಿ ಪ್ರತಿ ಸೀಮೆಯ ಮುಖ್ಯ ಐರಿಷ್ ಹೆಸರುಗಳನ್ನು ಎಣಿಸಿ ಕೊಡುತ್ತದೆ. ಟಿಪ್ಪರೇರಿಯವರ ಅದೃಷ್ಟಕ್ಕೆ 1660ರ ದಶಕದ ಒಲೆ ತೆರಿಗೆಯ ಪಟ್ಟಿಗಳು ಉಳಿದಿವೆ. ಒಂದು ಒಲೆಗೆ ಎರಡು ಶಿಲಿಂಗ್ ಕಟ್ಟಿದವರ ಹೆಸರುಗಳು ಅವು.

ಈಗ ಮೂರನೆಯ ಹಂತದ ಪಟ್ಟಿಯನ್ನು ತೆಗೆಯಿರಿ. ಪೂರ್ವಜನ ಟೌನ್‌ಲ್ಯಾಂಡ್ ಓನಿ ಸೀಮೆಯಲ್ಲಿದ್ದು, 17ನೆಯ ಶತಮಾನದ ಪಟ್ಟಿಯಲ್ಲೂ ಅಲ್ಲಿ ಮಲ್‌ರಯಾನ್‌ಗಳು ತುಂಬಿದ್ದರೆ, ಓ ಮೀಲ್‌ರಿಯನ್ ಮೂಲ ಬಹಳ ಸಂಭವನೀಯ ಎಂದು ಬರೆಯಬಹುದು. ‘ಬಹಳ ಸಂಭವನೀಯ’ ಎಂಬ ಪದಗಳನ್ನು ಬಿಡದೆ ಬರೆಯಿರಿ.

ಹಂತ 9: ಡಿಎನ್‌ಎ, ಬೇಕಿದ್ದರೆ ಮಾತ್ರ

ಕುಲನಾಮದಂತೆ ತಂದೆಯಿಂದ ಮಗನಿಗೆ ಹೋಗುವುದು ವೈ ಕ್ರೋಮೋಸೋಮ್. ಆದ್ದರಿಂದ ಆ ಹೆಸರು ಹೊತ್ತ ಗಂಡಸಿನದೇ ಪರೀಕ್ಷೆಯಾಗಬೇಕು, ಅದೂ ವೈ ಪರೀಕ್ಷೆಯೇ ಆಗಬೇಕು. ‘ಇಷ್ಟು ಶೇಕಡಾ ಐರಿಷ್’ ಎಂದು ಹೇಳುವ ಅಗ್ಗದ ಪರೀಕ್ಷೆ ಕುಲನಾಮದ ಬಗ್ಗೆ ಏನೂ ಹೇಳುವುದಿಲ್ಲ. ಒಬ್ಬರದು ಸಾಲದು, ಅದೇ ಕವಲಿನ ದೂರದ ಸಂಬಂಧಿಯೊಬ್ಬರದೂ ಬೇಕು. ದತ್ತು ಹೋದವರು, ತಾಯಿಯ ಹೆಸರು ಪಡೆದವರು ಎಲ್ಲ ಮನೆತನಗಳಲ್ಲೂ ಇರುತ್ತಾರೆ. ಆ ಸಾಧ್ಯತೆಯನ್ನು ಮನೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಇವು ಕಂಡರೆ ನಿಲ್ಲಿ

‘ನಿಮ್ಮ ಕುಲನಾಮದ ಲಾಂಛನ’ ಎಂದು ಮಾರುವ ಫಲಕ. ಲಾಂಛನ ಒಬ್ಬ ವ್ಯಕ್ತಿಗೂ ಅವನ ವಾರಸುದಾರರಿಗೂ ಸಲ್ಲುತ್ತದೆ, ಒಂದೇ ಹೆಸರಿನ ಸಾವಿರಾರು ಜನರಿಗಲ್ಲ.

‘ಎಲಿಸ್ ದ್ವೀಪದಲ್ಲಿ ಅಧಿಕಾರಿಗಳು ನಮ್ಮ ಹೆಸರು ಬದಲಿಸಿದರು’ ಎಂಬ ಕಥೆ. ಅಮೆರಿಕಕ್ಕೆ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ದ್ವೀಪ ಅದು. ಅಲ್ಲಿ ಹಡಗಿನವರು ತಂದ ಪಟ್ಟಿಯೊಂದಿಗೆ ಹೆಸರನ್ನು ತಾಳೆ ನೋಡುತ್ತಿದ್ದರು, ಹೊಸದಾಗಿ ಬರೆಯುತ್ತಿರಲಿಲ್ಲ. ಬದಲಾವಣೆ ಅದಕ್ಕೂ ಮೊದಲೋ ಆಮೇಲೋ ಆಗಿರುತ್ತದೆ, ಅಲ್ಲಿ ಹುಡುಕಿ.

ಆಧಾರ ಕೊಡದೆ 1500ನೆಯ ಇಸವಿಯವರೆಗೆ ಹೋಗುವ, ಯಾರೋ ಏರಿಸಿದ ವಂಶವೃಕ್ಷ. ಒಂದೇ ಮನುಷ್ಯನಿಗೆ ಎರಡು ಕೌಂಟಿಯ ಜನ್ಮಸ್ಥಳ. ತಾಯಿಗೆ ಐವತ್ತೈದು ವರ್ಷವಾದಾಗ ಹುಟ್ಟಿದ ಮಗು. ಇಂಥದ್ದು ಒಂದೇ ಒಂದು ಕಂಡರೂ ಆ ವೃಕ್ಷದಿಂದ ಏನನ್ನೂ ನಕಲು ಮಾಡಿಕೊಳ್ಳಬೇಡಿ.

ಹಂತ 10: ಊರಿನವರಿಗೆ ಬರೆಯಿರಿ

ಟೌನ್‌ಲ್ಯಾಂಡ್ ಕೈಗೆ ಸಿಕ್ಕ ಮೇಲೆ ಆ ಕೌಂಟಿಯ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗಕ್ಕೂ, ಐರ್ಲೆಂಡ್ ರೀಚಿಂಗ್ ಔಟ್ ಎಂಬ ಸ್ವಯಂಸೇವಕರ ಸಂಸ್ಥೆಗೂ ಪತ್ರ ಬರೆಯಿರಿ. ಅವರು ಪ್ಯಾರಿಷ್ ಪ್ರಕಾರ ಕೆಲಸ ಮಾಡುತ್ತಾರೆ, ಆದ್ದರಿಂದ ಪ್ಯಾರಿಷ್ ಹೆಸರಿಲ್ಲದ ಪತ್ರಕ್ಕೆ ಅವರಿಂದ ಉಪಯುಕ್ತ ಉತ್ತರ ಬರುವುದು ಕಷ್ಟ. ‘ರಯಾನ್ ಮನೆತನದ ಬಗ್ಗೆ ಏನಾದರೂ ತಿಳಿಸಿ’ ಎಂದು ಕೇಳಬೇಡಿ. ಹೀಗೆ ಕೇಳಿ: ‘ನಮ್ಮ ಪೂರ್ವಜ ಜಾನ್ ರಯಾನ್, ಸುಮಾರು 1838ರಲ್ಲಿ ಹುಟ್ಟಿದವರು, ಕ್ಯಾಥೊಲಿಕ್, ಇಂಥ ಪ್ಯಾರಿಷ್‌ನ ಇಂಥ ಟೌನ್‌ಲ್ಯಾಂಡ್, ಹೆಂಡತಿ ಹೊನೋರಾ. ಗ್ರಿಫಿತ್‌ನಲ್ಲಿ ಅವರ ಹೆಸರಿನ ಪಕ್ಕ ಬಾನ್ ಎಂದಿದೆ. ಗಣತಿ, ಜ್ಞಾನಸ್ನಾನದ ರಿಜಿಸ್ಟರ್ ನೋಡಿದ್ದೇನೆ. ಬಾನ್ ಎಂಬ ಅಡ್ಡಹೆಸರಿನ ರಯಾನ್‌ಗಳು ಈಗಲೂ ಆ ಭಾಗದಲ್ಲಿ ಇದ್ದಾರೆಯೇ? ಅವರ ಸಮಾಧಿಗಳು ಯಾವ ಸ್ಮಶಾನದಲ್ಲಿವೆ?’